ಸಣ್ಣ ಬ್ಯಾಟರಿ, ನಾಲ್ಕು ನಿಂಬೆಹಣ್ಣು

ನಮ್ಮ ಕಾರಿನ ಹೊಟ್ಟೆಯೊಳಗೆ ಒಂದು ದೊಡ್ಡ ಬ್ಯಾಟರಿ ಇದೆ. ಅದರ ಗುಣಗಾನವನ್ನು ನನ್ನ ಗಂಡ ಬೀಗರ ಮುಂದೆ ಮಾಡಿದ್ದಾರೆ, ಹಾಲಿನವನ ಮುಂದೆ ಮಾಡಿದ್ದಾರೆ, ಗಣಪತಿ ಚಂದಾ ಕೇಳಲು ಬಂದವರನ್ನು ನಿಲ್ಲಿಸಿಕೊಂಡೂ ಮಾಡಿದ್ದಾರೆ. ಒಮ್ಮೆ ತುಂಬಿದರೆ ಬೆಳಗಾವಿಗೆ ಹೋಗಿ ಬರಬಹುದು, ಹೊಗೆಯಿಲ್ಲ, ಸದ್ದಿಲ್ಲ, ಇತ್ಯಾದಿ. ಅದೇ ಕಾರಿನ ಬಾನೆಟ್ಟಿನ ಕೆಳಗೆ, ಒಂದು ಮೂಲೆಯಲ್ಲಿ, ಇನ್ನೊಂದು ಸಣ್ಣ ಬ್ಯಾಟರಿಯೂ ಇದೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಗಿಲಿನ ಬೀಗ ತೆಗೆಯುವುದು, ದೀಪ ಹಚ್ಚುವುದು, ಪರದೆ ಬೆಳಗಿಸುವುದು, ಕೊನೆಗೆ ಆ ದೊಡ್ಡ ಬ್ಯಾಟರಿಯನ್ನೇ ಎಬ್ಬಿಸಿ ಕೆಲಸಕ್ಕೆ ಹಚ್ಚುವುದು, ಇವೆಲ್ಲ ಅದರ ಪಾಲಿನ ಚಾಕರಿ. ಅದು ಕೈಚೆಲ್ಲಿ ಕೂತಾಗಲೇ ಅಂಥದ್ದೊಂದು ಇತ್ತು ಅಂತ ಎಲ್ಲರಿಗೂ ತಿಳಿದದ್ದು. ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ ನಿಂತವಳು ನಾನು.

ಕಾರು ಬಂದದ್ದು ನನ್ನ ಗಂಡ ನೌಕರಿಯಿಂದ ನಿವೃತ್ತರಾದ ವರ್ಷ. ಊರಿಗೆಲ್ಲ ಹೊಗಳುವುದು ಬೇರೆ, ಓಡಿಸುವುದು ಬೇರೆ. ಜನ್ಮವಿಡೀ ಕ್ಲಚ್ ತುಳಿದ ಅವರ ಎಡಗಾಲಿಗೆ ಈ ಕಾರಿನಲ್ಲಿ ಕೆಲಸವೇ ಇರಲಿಲ್ಲ. ಕೆಲಸವಿಲ್ಲದ ಕಾಲು ಸುಮ್ಮನಿರಬೇಕಲ್ಲ? ಇಲ್ಲದ ಕ್ಲಚ್ಚನ್ನು ಹುಡುಕಿ ಹುಡುಕಿ ಬ್ರೇಕ್ ತುಳಿಯುತ್ತಿತ್ತು. ಒಳಗೆ ಕೂತವರೆಲ್ಲ ಒಟ್ಟಿಗೆ ಮುಂದಿನ ಗಾಜಿಗೆ ನಮಸ್ಕಾರ ಮಾಡುತ್ತಿದ್ದೆವು. "ಇದೇನ್ ಗಾಡಿ ಅಲ್ಲ, ಆಟಗಿ ಸಾಮಾನು," ಎಂದು ತೀರ್ಪು ಕೊಟ್ಟು ಅವರು ಕೀಲಿಯನ್ನು ಗೂಟಕ್ಕೆ ಹಾಕಿದರು. ನನ್ನ ಎಡಗಾಲಿಗೆ ಕ್ಲಚ್ಚಿನ ಪರಿಚಯವೇ ಇರಲಿಲ್ಲ. ಹೀಗಾಗಿ ಐವತ್ತು ದಾಟಿದ ಮೇಲೆ ನಾನು ಕಾರು ಓಡಿಸಲು ಕಲಿತೆ. ಕಲಿಸಿದವರು ಅವರೇ. ಅವರು ಚೀರಾಡುತ್ತ ಕಲಿಸಿದರು, ನಾನೂ ಚೀರಾಡುತ್ತಲೇ ಕಲಿತೆ.

ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸು ಹೊಸ್ತಿಲು ದಾಟಬೇಕಾದರೆ ಒಂದು ಕಾರಣ ಬೇಕು. ಗುಡಿ ನಡೆಯುತ್ತದೆ, ದವಾಖಾನೆ ನಡೆಯುತ್ತದೆ, ಮದುವೆ ಮುಂಜಿ ನಡೆಯುತ್ತದೆ, ಯಾರಾದರೂ ಸತ್ತರಂತೂ ಯಾರೂ ತಡೆಯುವುದಿಲ್ಲ. ಸೊಸೆಯಾಗಿ ಬಂದಾಗಿನಿಂದ ನಾನು ಕಾರಣಗಳನ್ನು ಹೊತ್ತುಕೊಂಡೇ ಹೊರಗೆ ಹೋದವಳು. ಕಾರು ಕಲಿತ ಮೇಲೆ ಒಂದು ಗುರುವಾರ, ಅಡುಗೆ ಮಾಡಿ ಮುಚ್ಚಿಟ್ಟು, ವಿದ್ಯಾನಗರದ ನಮ್ಮ ಮನೆಯಿಂದ ಹೊರಟು ನಿಂತೆ.

"ಎಲ್ಲಿ ಹೊಂಟಿ?" ಎಂದರು ನನ್ನ ಗಂಡ.

"ಧಾರವಾಡಕ್ಕ. ಮಾಳಮಡ್ಡಿ ಗೆಳತಿ ಮನಿಗೆ."

"ಯಾಕ? ಆಕಿ ಆರಾಮ ಇಲ್ಲೇನು?"

"ಆರಾಮ ಅದಾಳ."

"ಮತ್ತ ಯಾಕ?"

"ಸುಮ್ನ."

ಇಷ್ಟು ವರ್ಷದ ಸಂಸಾರದಲ್ಲಿ ಈ ಉತ್ತರವನ್ನು ಅವರು ನನ್ನ ಬಾಯಿಂದ ಕೇಳಿರಲಿಲ್ಲ. ಇದಕ್ಕೆ ಮುಂದೇನು ಕೇಳಬೇಕೆಂದು ತಿಳಿಯದೆ ಗೇಟು ತೆಗೆದರು. ನವನಗರ ದಾಟುವಾಗ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಬಸ್ಸಿನ ಕಿಟಕಿಯಲ್ಲಿದ್ದ ಹೆಂಗಸು ನನ್ನನ್ನು ನೋಡಿ, ಪಾಪ, ಅನ್ನುವ ಹಾಗೆ ಮುಖ ಮಾಡಿದಳು.

ಅಂದಿನಿಂದ ಗುರುವಾರವೆಂದರೆ ಮಾಳಮಡ್ಡಿ. ಗೆಳತಿ ನನ್ನ ಜೊತೆ ಕಾಲೇಜಿನಲ್ಲಿ ಓದಿದವಳು. ಅವಳ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತೇವೆ, ಚುರಮುರಿಯ ಗಿರಮಿಟ್ ತಿನ್ನುತ್ತೇವೆ, ಹಾದಿಯಲ್ಲಿ ಹೋಗುವವರ ನಡಿಗೆ, ಸೀರೆ, ಸೊಸೆಯಂದಿರ ಬಗ್ಗೆ ಎರಡು ಕೆಟ್ಟ ಮಾತಾಡುತ್ತೇವೆ. ಇದರಿಂದ ಲೋಕಕ್ಕೆ ಯಾವ ಉಪಯೋಗವೂ ಇಲ್ಲ. ಎದುರಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದ ನನ್ನ ಕಾರು ಮಾತ್ರ ಆಗಾಗ ತನ್ನಷ್ಟಕ್ಕೆ ತಾನೇ ದೀಪ ಮಿಣುಕಿಸುತ್ತಿತ್ತು.

"ನೋಡವಾ, ನಿನ್ನ ಗಾಡಿ ಯಾರಿಗೋ ಕಣ್ಣ ಹೊಡಿಯಾಕತ್ತೈತಿ," ಎಂದು ಗೆಳತಿ ನಗುತ್ತಿದ್ದಳು.

"ಹೊಡೀಲಿ ಬಿಡು. ಅದಕ್ಕರ ಹುರುಪು ಐತಲ್ಲ," ಅನ್ನುತ್ತಿದ್ದೆ ನಾನು. ಹೊಸ ಕಾಲದ ಗಾಡಿ, ಅದರ ಚಾಳಿಗಳು ಅದಕ್ಕೆ, ಅಂದುಕೊಂಡು ಸುಮ್ಮನಾಗಿದ್ದೆ.

ಕಾರಿನದೊಂದು ಆ್ಯಪ್ ನನ್ನ ಗಂಡನ ಮೊಬೈಲಿನಲ್ಲಿತ್ತು. ಕುರ್ಚಿಯಲ್ಲಿ ಕೂತಲ್ಲಿಂದಲೇ ಕಾರಿನ ಎಸಿ ಹಚ್ಚಬಹುದು, ಬೀಗ ಹಾಕಬಹುದು, ದೀಪ ಮಿಣುಕಿಸಬಹುದು. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಅದರ ಪ್ರದರ್ಶನ. ಓಡಿಸುವವಳು ನಾನಾದ್ದರಿಂದ ನನ್ನ ಮೊಬೈಲಿನಲ್ಲೂ ಅದನ್ನು ಹಾಕಿಕೊಡಿ ಎಂದು ಕೇಳಿದ್ದೆ. ಹಾಕಿಕೊಡಲು ನಿವೃತ್ತರಾದ ಅವರಿಗೆ ಇನ್ನೂ ಪುರಸೊತ್ತು ಸಿಕ್ಕಿರಲಿಲ್ಲ.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಒಂದು ಮಳೆಗಾಲದಲ್ಲಿ ಕಾರು ವಯಸ್ಸಾದವರ ಹಾಗೆ ಆಡತೊಡಗಿತು. ಒಂದು ದಿನ ಕೀಲಿ ಒತ್ತಿದರೆ ಬಾಗಿಲು ತೆಗೆಯಲಿಲ್ಲ, ನಾಲ್ಕು ಸಲ ಒತ್ತಿದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ತೆಗೆಯಿತು. ಇನ್ನೊಂದು ದಿನ ಪರದೆಯ ಮೇಲೆ ಬ್ರೇಕ್ ಕೆಟ್ಟಿದೆ, ಸ್ಟೀರಿಂಗ್ ಕೆಟ್ಟಿದೆ, ಗಾಳಿಚೀಲ ಕೆಟ್ಟಿದೆ ಎಂದು ಸಾಲಾಗಿ ಬರೆದು ತೋರಿಸಿ, ಸ್ವಲ್ಪ ಹೊತ್ತಿಗೆ ತಾನೇ ಎಲ್ಲವನ್ನೂ ಅಳಿಸಿ ಏನೂ ಆಗಿಲ್ಲವೆಂಬಂತೆ ಹೊರಟಿತು. ನನ್ನ ಅತ್ತೆಯೂ ಹೀಗೇ ಮಾಡುತ್ತಿದ್ದರು, ಅದಕ್ಕೇ ನಾನು ಹೆದರಲಿಲ್ಲ. ನನ್ನ ಗಂಡ ಹೆದರಿದರು. ತಮ್ಮನಿಗೆ ಫೋನು ಮಾಡಿದರು.

ನನ್ನ ಮೈದುನ ಕೇಶ್ವಾಪುರದಲ್ಲಿರುತ್ತಾರೆ, ಹತ್ತಿ ವ್ಯಾಪಾರ. ಅವರಲ್ಲೊಂದು ದೊಡ್ಡ ಡೀಸೆಲ್ ಗಾಡಿ ಇದೆ. ಅದು ಚಾಲೂ ಆದರೆ ಓಣಿಯ ತೊಟ್ಟಿಲುಗಳಲ್ಲಿ ಮಲಗಿದ ಕೂಸುಗಳೆಲ್ಲ ಏಳುತ್ತವೆ. "ಗಾಡಿ ಅಂದ್ರ ಸಪ್ಪಳ ಇರಬೇಕ್ರೀ ವೈನಿ. ಸಪ್ಪಳ ಇಲ್ಲದ್ದು ಎಂಥಾ ಗಾಡಿ?" ಎನ್ನುವುದು ಅವರ ಸಿದ್ಧಾಂತ. ಮನುಷ್ಯರ ಬಗ್ಗೆಯೂ ಅವರ ಸಿದ್ಧಾಂತ ಅದೇ ಇದ್ದಂತಿದೆ. ಬಂದವರೇ ನಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರಕ್ಕೊಂದು ಒದೆ ಕೊಟ್ಟು, ರೋಗ ಕಂಡುಹಿಡಿದರು.

"ಅಣ್ಣಾ, ಇದರ ದೊಡ್ಡ ಬ್ಯಾಟರೀನ ಹೋಗೈತಿ. ಇನ್ನ ಇಟಗೊಂಡ್ರ ಅಂಗಳದಾಗ ಕ್ವಾಣ ಕಟ್ಟಿದಂಗ. ನನ್ನ ಕಡೆ ಒಬ್ಬ ಗಿರಾಕಿ ಅದಾನ, ಕೊಟ್ಟಬಿಡೂಣು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಷ್ಟು ದಿನ ಆ ದೊಡ್ಡ ಬ್ಯಾಟರಿಯ ಸ್ತೋತ್ರ ಹೇಳುತ್ತಿದ್ದ ನನ್ನ ಗಂಡ ಒಂದು ಮಾತೂ ಎದುರಾಡದೆ ತಲೆಯಾಡಿಸಿದರು. ಅದೇ ನನಗೆ ವಿಚಿತ್ರವೆನಿಸಿತು.

"ವಿಜಯದಶಮಿ ಛಲೋ ದಿನ," ಎಂದರು ನನ್ನ ಗಂಡ. "ಅವತ್ತ ಇದನ್ನ ಕೊಟ್ಟು, ಗೇರ್ ಇರೋ ಡೀಸೆಲ್ ಗಾಡಿ ಬುಕ್ ಮಾಡಿಬಿಡೂಣು."

"ನನಗ ಗೇರಿನ ಗಾಡಿ ಬರಂಗಿಲ್ಲಲ್ರಿ," ಎಂದೆ.

"ನಿಮಗ್ಯಾಕ ಬೇಕ್ರೀ ವೈನಿ ತ್ರಾಸು? ಎಲ್ಲೆರೆ ಹೋಗೂದಿದ್ರ ಅಣ್ಣ ಬಿಡತಾನಲ್ಲ," ಎಂದರು ಮೈದುನ, ಬಹಳ ಉದಾರವಾಗಿ.

ಅಣ್ಣ ಬಿಡುತ್ತಾನೆ ನಿಜ. ಕಾರಣ ಕೇಳಿ ಬಿಡುತ್ತಾನೆ, ಹೊರಗೆ ಗಾಡಿಯಲ್ಲೇ ಕೂತಿರುತ್ತಾನೆ, ಅರ್ಧ ಕಪ್ಪು ಚಹಾ ಆಗುವುದರೊಳಗೆ ಹಾರ್ನ್ ಹೊಡೆಯುತ್ತಾನೆ. ನನ್ನ ಗುರುವಾರ ಅಲ್ಲಿಗೆ ಮುಗಿಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಅನ್ನುತ್ತಾರಲ್ಲ, ಇಲ್ಲಿ ನೆಗಡಿ ಕಾರಿಗೆ, ಮೂಗು ನನ್ನದು. ಆ ರಾತ್ರಿ ರೊಟ್ಟಿ ಬಡಿಯುವಾಗ ನನ್ನ ಕೈಯ ಸಪ್ಪಳ ಕೇಳಿ ನನ್ನ ಗಂಡ ಟೀವಿಯ ದನಿ ಏರಿಸಿದರು.

ನವರಾತ್ರಿ ಬಂತು. ನಮ್ಮ ಮನೆಯಲ್ಲಿ ದೀಪ ಹಾಕುವ ಪದ್ಧತಿ. ಹಬ್ಬ ಮುಗಿಯುವವರೆಗೆ ಆ ದೀಪ ಆರಬಾರದು, ಎಣ್ಣೆ ಹಾಕಲು ಮನೆಯಾಕೆ ಮನೆಯಲ್ಲೇ ಇರಬೇಕು. ಹೀಗಾಗಿ ನಾನು ಎಲ್ಲೂ ಹೋಗಲಿಲ್ಲ, ಕಾರೂ ಅಲುಗಲಿಲ್ಲ. ಸಂಜೆ ಬಂದವರಿಗೆಲ್ಲ ನನ್ನ ಗಂಡ ಮೊಬೈಲಿನಿಂದ ಅದರ ದೀಪ ಮಿಣುಕಿಸಿ ತೋರಿಸಿದರು. ಮಾರುವ ಎಮ್ಮೆಯನ್ನು ಹೊಗಳುವಂತೆ ಹೊಗಳಿದರು.

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆಯೇ ಕಾರಿಗೆ ಸ್ನಾನವಾಯಿತು. ನಾಲ್ಕೂ ಬಾಗಿಲು ತೆರೆದಿಟ್ಟು, ಒಳಗೆ ಭಕ್ತಿಗೀತೆ ಹಚ್ಚಿ, ಹೊರಗೆ ಚೆಂಡು ಹೂವಿನ ಮಾಲೆ ಕಟ್ಟಿ, ಗೋಡೆಯ ಮೇಲಿನ ಚಾರ್ಜರ್ ಡಬ್ಬಿಗೂ ಮೂರು ಬೆರಳಿನ ವಿಭೂತಿ ಬಳಿದರು. ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು. ಪೂಜೆಯಾದ ಮೇಲೆ ಗಾಡಿ ಮುಂದಕ್ಕೆ ಹೋಗಿ ಆ ಹಣ್ಣುಗಳನ್ನು ಒಡೆಯಬೇಕು, ದೃಷ್ಟಿ ಹೋಗಬೇಕು, ಅದು ರಿವಾಜು. ಒಳ್ಳೆಯ ಗಳಿಗೆ ಮಧ್ಯಾಹ್ನದ ಹೊತ್ತಿಗೆ ಇದೆ ಎಂದು ಪಂಚಾಂಗ ಹೇಳಿತು. ಅಲ್ಲಿಯವರೆಗೆ ಬಾಗಿಲು ತೆರೆದೇ ಇದ್ದವು, ಕಾರಿನೊಳಗಿನ ದೀಪ ಉರಿಯುತ್ತಲೇ ಇತ್ತು, ಭಕ್ತಿಗೀತೆ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಲೇ ಇತ್ತು. ಮೈದುನ ತಮ್ಮ ಡೀಸೆಲ್ ಗಾಡಿಯ ಪೂಜೆ ಮುಗಿಸಿ, ಅದಕ್ಕೆ ಮಾಲೆ ಹಾಕಿಕೊಂಡು, ಓಣಿಯ ಕೂಸುಗಳನ್ನೆಲ್ಲ ಎಬ್ಬಿಸುತ್ತ ಬಂದರು.

ಗಳಿಗೆ ಬಂತು. ನಾನು ಸೆರಗು ಹೊದ್ದು, ದೇವರನ್ನು ನೆನೆದು ಒಳಗೆ ಕೂತೆ. ಭಕ್ತಿಗೀತೆ ಒಂದು ಸಾಲಿನ ನಡುವೆ ನಿಂತಿತು. ಪರದೆ ಕಪ್ಪಾಯಿತು. ಗುಂಡಿ ಒತ್ತಿದೆ, ಎಲ್ಲಿಂದಲೋ ಟಕಟಕ ಅಂತ ಸದ್ದು ಬಂದು ಅದೂ ನಿಂತುಹೋಯಿತು. ಹಿಂದಿನ ದಿನವಷ್ಟೇ ದೊಡ್ಡ ಬ್ಯಾಟರಿಯನ್ನು ಪೂರ್ತಿ ತುಂಬಿಸಿದ್ದೆವು. ಕಾರು ಮಾತ್ರ ನಾಲ್ಕು ನಿಂಬೆಹಣ್ಣಿನ ಮುಂದೆ ಹಟ ಹಿಡಿದ ಎತ್ತಿನಂತೆ ನಿಂತಿತು.

"ಅಪಶಕುನ ಆತಲ್ಲೋ ತಮ್ಮಾ," ಎಂದರು ನನ್ನ ಗಂಡ.

"ನಾ ಹೇಳಿದ್ನಿಲ್ಲೇನು? ನಾಳೆ ದಾಟಿಸಿಬಿಡೂಣು ಇದನ್ನ," ಎಂದರು ತಮ್ಮ.

ಶಕುನ ನೋಡುವ ಕೆಲಸ ಅವರಿಗೆ ಬಿಟ್ಟು ನಾನು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಯಾವುದೋ ಊರಿನ ಹುಡುಗಿ ಹಿಂದಿಯಲ್ಲಿ ಎಲ್ಲ ಕೇಳಿ, ನಿಮ್ಮ ದೊಡ್ಡ ಬ್ಯಾಟರಿಗೆ ಏನೂ ಆಗಿಲ್ಲ, ಬಾನೆಟ್ಟಿನ ಕೆಳಗಿನ ಸಣ್ಣ ಬ್ಯಾಟರಿ ಖಾಲಿಯಾಗಿದೆ, ಹಳೆಯದಾಗಿರಬೇಕು, ಬೇರೆ ಗಾಡಿಯ ಬ್ಯಾಟರಿಯಿಂದ ಕೇಬಲ್ ಹಚ್ಚಿ ಎಬ್ಬಿಸಬಹುದು ಎಂದಳು. ಹಬ್ಬವಾದ್ದರಿಂದ ತಮ್ಮ ಜನ ಬರುವುದು ತಡವಾಗುತ್ತದೆ ಎಂದೂ ಹೇಳಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

"ಕೇಬಲ್ ಐತಲ್ರಿ ನಿಮ್ಮ ಕಡೆ?" ಎಂದು ಮೈದುನರನ್ನು ಕೇಳಿದೆ.

"ಐತಿ. ಆದ್ರ ಅದು ಪೂಜ್ಯಾಗ ಐತ್ರಿ ವೈನಿ. ಪಾನಾ, ಇಕ್ಕಳ, ಕೇಬಲ್, ತಕ್ಕಡಿ ಎಲ್ಲಾ ಮಣಿ ಮ್ಯಾಲೆ ಇಟ್ಟೇವಿ. ಇವತ್ತ ಮುಟ್ಟಾಂಗಿಲ್ಲ."

"ಗಾಡಿದೂ ಪೂಜಿ ಆಗೈತಿ. ಅದನ್ನ ಹೊಡಕೊಂಡ ಬಂದೀರಲ್ಲ?"

"ಗಾಡಿ ಬ್ಯಾರೆ, ಪಾನಾ ಬ್ಯಾರೆ," ಎಂದರು. ಶಾಸ್ತ್ರದಲ್ಲಿ ಎಲ್ಲಿ ಹೀಗೆ ಹೇಳಿದೆ ಎಂದು ಕೇಳುವ ಶಕ್ತಿ ನನಗಿರಲಿಲ್ಲ. ನಮ್ಮ ಮನೆಯ ನಟ್ಟು ಬಿಚ್ಚುವ ಪಾನಾಗಳೂ ದೇವರ ಮುಂದೆ ಹೂವು ಮುಡಿದು ಕೂತಿದ್ದವು.

ಎಲ್ಲರೂ ಊಟಕ್ಕೆ ಒಳಗೆ ಹೋದ ಮೇಲೆ ನಾನು ಬಾನೆಟ್ ಎತ್ತಿ ನೋಡಿದೆ. ಮೂಲೆಯಲ್ಲಿ ಕರಿಯ ಡಬ್ಬಿಯಂಥದ್ದು, ಮೈಮೇಲೆ ಧೂಳು. ಸ್ಟೀರಿಂಗಿಗೆ ಕುಂಕುಮ, ಕನ್ನಡಿಗೆ ಕುಂಕುಮ, ನಂಬರ್ ಪ್ಲೇಟಿಗೂ ಕುಂಕುಮ ಬಿದ್ದಿತ್ತು. ಇದನ್ನು ಯಾರೂ ಒಂದು ಬಟ್ಟೆಯಿಂದ ಒರೆಸಿಯೂ ಇರಲಿಲ್ಲ. ಸೆರಗಿನ ತುದಿಯಿಂದ ಒರೆಸಿ ಒಂದು ಬೊಟ್ಟು ಕುಂಕುಮ ಇಟ್ಟೆ.

"ಸತ್ತಿದ್ದಕ್ಕೂ ಪೂಜಿ ಮಾಡತಾರೇನು?" ಎಂದರು ನನ್ನ ಗಂಡ, ಬಾಗಿಲಲ್ಲಿ ನಿಂತು.

"ಇದ್ದಾಗ ಯಾರೂ ಮಾಡಲಿಲ್ಲಲ್ರಿ," ಎಂದೆ.

ಮರುದಿನ ವಿಜಯದಶಮಿ, ನಮ್ಮ ನವರಾತ್ರಿ ದೀಪದ ವ್ರತ ಮುಗಿದಿತ್ತು. ಮೈದುನ ಪೂಜೆ ಇಳಿಸಿ, ಕೇಬಲ್ಲಿಗೆ ಅಂಟಿದ ಅಕ್ಷತೆಯ ಸಮೇತ ಬೆಳಿಗ್ಗೆಯೇ ಬಂದರು. ನಮ್ಮ ಮೇಲಿನ ಪ್ರೀತಿಯಿಂದಲ್ಲ. ಗಿರಾಕಿ ಆ ದಿನವೇ ಬರುವವನಿದ್ದ, ಕಾರು ಚಾಲೂ ಇದ್ದರೆ ಮಾತು ಸಲೀಸು ಎಂದು. ಎರಡೂ ಗಾಡಿಗಳನ್ನು ಮುಖಾಮುಖಿ ನಿಲ್ಲಿಸಿ ಬಾನೆಟ್ ಎತ್ತಿದರು. ಸಪ್ಪಳದ ಗಾಡಿಯ ಹೊಟ್ಟೆಯಲ್ಲೂ ಅಂಥದೇ ಕರಿಯ ಡಬ್ಬಿ ಇತ್ತು, ಇನ್ನೂ ಹೊಳೆಯುತ್ತಿತ್ತು.

"ನಿಮ್ಮ ಬ್ಯಾಟರಿ ಹೊಸಾದು ಕಾಣತೈತಲ್ರಿ?" ಎಂದೆ.

"ಹೌದ್ರಿ. ಹೋದ ಯುಗಾದಿಗೆ ಹಾಕಿಸೀನಿ. ಹಳೇದು ಪೂರಾ ಕೂತಬಿಟ್ಟಿತ್ತು."

"ಹೌದಾ? ಮತ್ತ ಆವಾಗ ಗಾಡಿ ಮಾರಲಿಲ್ಲೇನ್ರಿ?"

"ಬ್ಯಾಟರಿ ಹೋದ್ರ ಗಾಡಿ ಯಾಕ ಮಾರತಾರ್ರೀ ವೈ..." ಎಂದವರು ಅಲ್ಲಿಗೇ ನಿಂತರು. ಕೇಬಲ್ಲಿನ ಚಿಮಟಿಗೆಯನ್ನು ಅಗತ್ಯಕ್ಕಿಂತ ಬಹಳ ಹೊತ್ತು ಸರಿಪಡಿಸಿದರು. ನನ್ನ ಗಂಡ ಆಕಾಶದ ಕಡೆ ನೋಡಿದರು. ಮಳೆಯ ಲಕ್ಷಣವೇನೂ ಇರಲಿಲ್ಲ.

ಪರದೆ ಬೆಳಗಿತು. ಕೇಬಲ್ ತೆಗೆದು, ಮೈದುನರ ಗಾಡಿ ಹಿಂದೆ ಸರಿದ ಕೂಡಲೇ ನಾನು ಒಳಗೆ ಕೂತು ಮುಂದಕ್ಕೆ ಬಿಟ್ಟೆ. ನಾಲ್ಕೂ ನಿಂಬೆಹಣ್ಣು ಪಚಕ್ ಪಚಕ್ ಎಂದು ಒಡೆದವು. ಗೇಟಿನಲ್ಲಿ ನನ್ನ ಗಂಡ ಅಡ್ಡ ಬಂದರು.

"ಎಲ್ಲಿ ಹೊಂಟಿ? ಗಿರಾಕಿ ಬರಾವ ಅದಾನ."

"ಬ್ಯಾಟರಿ ಹಾಕಿಸಾಕ. ಗಿರಾಕಿ ಬಂದ್ರ ಗಾಡಿ ಮನ್ಯಾಗಿಲ್ಲ ಅಂತ ಹೇಳ್ರಿ. ಖರೇನ ಇರಂಗಿಲ್ಲ."

ಕೇಶ್ವಾಪುರದ ಬ್ಯಾಟರಿ ಅಂಗಡಿ ಹಬ್ಬದ ತೋರಣ ಕಟ್ಟಿಕೊಂಡು ತೆರೆದಿತ್ತು. ಅಂಗಡಿಯವರು ಹಳೆಯದನ್ನು ಹೊರತೆಗೆದು, ಅದರ ಮೇಲಿನ ಕುಂಕುಮ ನೋಡಿ ಒಂದು ಕ್ಷಣ ತಡೆದು, ಮೀಟರ್ ಹಚ್ಚಿದರು.

"ವಯಸ್ಸಾಗೇತ್ರಿ ಅಕ್ಕಾರ, ಇವತ್ತಿಲ್ಲಾ ನಾಳೆ ಹೋಗೂದ. ಆದ್ರ ಇಷ್ಟ ಲಗೂ ಹೋಗಬಾರದಿತ್ತು. ಗಾಡಿ ನಿಂತಾಗ ಮೊಬೈಲ್‌ಲೆ ಭಾಳ ಎಬ್ಬಸ್ತೀರೇನು?"

"ನನ್ನ ಮೊಬೈಲ್‌ನ್ಯಾಗ ಆ ಆ್ಯಪೇ ಇಲ್ರಿ."

"ಮತ್ತ ಯಾರ ಕಡೆ ಐತಿ ಅವರಿಗೆ ಹೇಳ್ರಿ. ಗಾಡಿ ಎಲ್ಲೈತಿ ಅಂತ ಹುಡುಕೂ ಗುಂಡಿ ಇರತೈತಲ್ಲ, ಅದನ್ನ ಒತ್ತಿದಾಗೊಮ್ಮೆ ಗಾಡಿ ನಿದ್ದಿಯಿಂದ ಎದ್ದು ಲೈಟ್ ಮಿಣಕಸತೈತಿ. ಮುದುಕರನ್ನ ಹಂಗ ಎಬ್ಬಸಕೋತ ಕುಂತ್ರ ತಡೀತಾವೇನ್ರಿ?"

ಹೊಸ ಬ್ಯಾಟರಿ ಕೂರಿಸುತ್ತಿದ್ದರು. ನನ್ನ ಕಣ್ಣ ಮುಂದೆ ಮಾಳಮಡ್ಡಿಯ ಬೇವಿನ ಗಿಡ ಬಂತು, ಅದರ ಕೆಳಗೆ ಕಣ್ಣು ಹೊಡೆಯುತ್ತ ನಿಂತ ಕಾರು ಬಂತು. ಪ್ರತಿ ಗುರುವಾರ, ನಾನು ಯಾವ ಕಾರಣವೂ ಇಲ್ಲದೆ ಕೂತು ನಗುತ್ತಿದ್ದಾಗ, ವಿದ್ಯಾನಗರದ ಕುರ್ಚಿಯಿಂದ ಒಂದು ಬೆರಳು ನನ್ನನ್ನು ಹುಡುಕುತ್ತಿತ್ತು. ಮೈಯೆಲ್ಲ ಉರಿಯಿತು. ನನ್ನ ಸ್ವಾತಂತ್ರ್ಯಕ್ಕೆ ಕಾವಲುಗಾರನನ್ನು ಇಟ್ಟಿದ್ದರಲ್ಲ! ಗಾಡಿ ಮಾರಲು ಅಷ್ಟು ಬೇಗ ತಲೆಯಾಡಿಸಿದ್ದು ಯಾಕೆಂದು ಈಗ ತಿಳಿಯಿತು ಅಂದುಕೊಂಡೆ. ಮನೆಗೆ ಹೋದ ಕೂಡಲೇ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದೆ. ಬಹಳ ಚೆನ್ನಾಗಿ ಜೋಡಿಸಿದ್ದೆ.

ಮನೆಯಲ್ಲಿ ಮೈದುನ ಇರಲಿಲ್ಲ. ಗಿರಾಕಿ ಬಂದು, ಅಂಗಳದಲ್ಲಿ ಅಪ್ಪಚ್ಚಿಯಾದ ನಿಂಬೆಹಣ್ಣುಗಳನ್ನು ನೋಡಿ, ಹೊರಟುಹೋಗಿದ್ದ. ನನ್ನ ಗಂಡ ಒಬ್ಬರೇ ಮೆಟ್ಟಿಲ ಮೇಲೆ ಕೂತಿದ್ದರು, ಊಟವನ್ನೂ ಮಾಡಿರಲಿಲ್ಲ. ನನ್ನನ್ನು ಕಂಡು ಎದ್ದು, ಕಿಸೆಯಿಂದ ಬನ್ನಿ ಎಲೆ ತೆಗೆದು ನನ್ನ ಕೈಯಲ್ಲಿಟ್ಟರು.

"ಬಂಗಾರ ತಗೊಂಡು ಬಂಗಾರದಂಗ ಇರೂಣು," ಎಂದರು.

ಬನ್ನಿ ಕೊಟ್ಟವರ ಜೊತೆ ಆ ದಿನ ಜಗಳವಾಡುವ ಪದ್ಧತಿ ನಮ್ಮಲ್ಲಿಲ್ಲ. ಅಷ್ಟು ಚೆನ್ನಾಗಿ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ವ್ಯರ್ಥವಾಯಿತು. ನಾನೂ ಬ್ಯಾಟರಿ ಅಂಗಡಿಯವರು ಕೊಟ್ಟಿದ್ದ ನಾಲ್ಕು ಎಲೆಯನ್ನು ಬ್ಯಾಗಿನಿಂದ ತೆಗೆದು ಕೊಟ್ಟೆ.

"ಬುಕ್ಕಿಂಗ್ ಏನಾತ್ರಿ?" ಎಂದೆ.

"ತಮ್ಮಗ ಸದ್ಯಕ್ಕ ಬ್ಯಾಡ ಅಂತ ಹೇಳೀನಿ," ಎಂದರು. ಆ 'ಸದ್ಯಕ್ಕ' ನನ್ನ ಕಿವಿಯಲ್ಲಿ ಉಳಿಯಿತು.

ಗುರುವಾರ ಬಂತು. ಅಡುಗೆ ಮಾಡಿ ಮುಚ್ಚಿಟ್ಟು ಹೊರಟೆ. ಅವರು ಎಲ್ಲಿಗೆ ಅನ್ನಲಿಲ್ಲ, ಯಾಕೆ ಅನ್ನಲಿಲ್ಲ, ಗೇಟು ತೆಗೆದು ನಿಂತರು. ಮಾಳಮಡ್ಡಿಯಲ್ಲಿ ಚಹಾ ಬರುವುದರೊಳಗೆ ಬೇವಿನ ಗಿಡದ ಕೆಳಗೆ ಕಾರು ಮಿಣುಕಿತು. ಹೊಸ ಬ್ಯಾಟರಿ, ಬಹಳ ಜೋರಾಗಿ ಮಿಣುಕಿತು.

"ಶುರು ಆತ ನೋಡು ಇದರ ಚಾಳಿ," ಎಂದಳು ಗೆಳತಿ. ಅವಳು ಒಳಗೆ ಹೋಗಿ ಗಿರಮಿಟ್ ತಟ್ಟೆ ತರುವಷ್ಟರಲ್ಲಿ ಇನ್ನೊಮ್ಮೆ ಮಿಣುಕಿತು.

ಕಾವಲುಗಾರ ಇಷ್ಟು ಸಲ ನೋಡುವುದಿಲ್ಲ. ಕಾವಲುಗಾರನಿಗೆ ಒಮ್ಮೆ ನೋಡಿದರೆ ಸಾಕು, ಗಾಡಿ ಎಲ್ಲಿಗೆ ಹೋಗಿದೆ ಎಂದು ಅವರಿಗೆ ಮೊದಲೇ ಗೊತ್ತಿದೆಯಲ್ಲ. ನಾನು ಮುಚ್ಚಿಟ್ಟು ಬಂದ ತಟ್ಟೆ, ದನಿ ಏರಿಸಿದ ಟೀವಿ, ಮಾತಾಡಲು ಯಾರೂ ಇಲ್ಲದ ಆ ಮಧ್ಯಾಹ್ನ ನನಗೆ ಕಟ್ಟೆಯ ಮೇಲಿಂದಲೇ ಕಂಡವು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಫೋನು ಹಚ್ಚಿದೆ.

"ರೀ, ಗಾಡಿ ಇಲ್ಲೇ ಬೇವಿನ ಗಿಡದ ಬುಡಕ ಐತಿ. ನಾನೂ ಇಲ್ಲೇ ಅದೇನಿ. ಪಾಪ, ಹೊಸಾ ಬ್ಯಾಟರಿ, ಅದನ್ನ ಯಾಕ ಕೊಲ್ಲಾಕತ್ತೀರಿ?"

ನಮ್ಮ ಪಡಸಾಲೆಯ ಫ್ಯಾನಿನ ಕಿರ್ ಕಿರ್ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಏನರೆ ಬೇಕಾಗಿತ್ತೇನ್ರಿ?"

"ಇಲ್ಲ."

"ಮತ್ತ ಯಾಕ ಒತ್ತಿದ್ರಿ?"

"ಸುಮ್ನ," ಅಂದರು.

ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಕೇಳುವಂತಿಲ್ಲ. ನಮ್ಮ ಮನೆಯಲ್ಲಿ ಅದನ್ನು ಜಾರಿಗೆ ತಂದವಳು ನಾನೇ.

"ಸಂಜಿಕ ಬರ್ತೇನಿ," ಎಂದೆ. "ಬರೂ ಮುಂದ ಗಿರಮಿಟ್ ಕಟ್ಟಿಸಕೊಂಡ ಬರ್ತೇನಿ."